ಸೆಲ್ಫ್ ತೆಗೆದುಕೊಳ್ಳದ ಕಾರು ಮತ್ತು ನಮ್ಮ ಚೌಕಾಸಿ

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಕಡೆ ಕಾರಿನ ಸ್ಟಾರ್ಟರ್ ಮೋಟಾರನ್ನು ಆ ಹೆಸರಿನಿಂದ ಕರೆಯುವವರು ಅಪರೂಪ. ಅದು ‘ಸೆಲ್ಫ್’. ಕೀಲಿ ತಿರುವಿದಾಗ ಎಂಜಿನ್ ತಿರುಗದಿದ್ದರೆ ‘ಸೆಲ್ಫ್ ತಗೊಳ್ಳವಲ್ದು’ ಎನ್ನುತ್ತೇವೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ಗ್ಯಾರೇಜಿನಿಂದ ಬರುವ ಉತ್ತರವೂ ಈಚೆಗೆ ಒಂದೇ ಆಗಿಬಿಟ್ಟಿದೆ: ‘ಮೋಟಾರ್ ಹೋಗೈತ್ರಿ, ಹೊಸಾದು ಹಾಕಬೇಕು.’ ಬಾನೆಟ್ ಎತ್ತಿ ಐದು ನಿಮಿಷವೂ ಆಗಿರುವುದಿಲ್ಲ! ಹೀಗೆ ಪರೀಕ್ಷಿಸದೆ ಬಿಡಿಭಾಗ ಬದಲಿಸುವ ರೂಢಿ ಕೆಟ್ಟದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ರೂಢಿಯನ್ನು ಬೆಳೆಸಿದವರು ಮೆಕ್ಯಾನಿಕ್‌ಗಳಲ್ಲ, ಕಾರಿನ ಮಾಲೀಕರು ಎಂಬುದು ನನ್ನ ಅಭಿಪ್ರಾಯ. ಕಾರುಳ್ಳ ನನ್ನ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಸಿಟ್ಟಾಗುವ ಮೊದಲು ಪೂರ್ತಿ ಓದಬೇಕೆಂದು ವಿನಂತಿ.

‘ಸೆಲ್ಫ್’ ಎಂಬ ಹೆಸರಿನಲ್ಲೇ ಒಂದಿಷ್ಟು ಇತಿಹಾಸವಿದೆ. ಮೊದಲು ಎಂಜಿನ್ನನ್ನು ಎಬ್ಬಿಸಬೇಕಾದರೆ ಕಾರಿನ ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಿಂದ ತಿರುವಬೇಕಾಗಿತ್ತು. ಹಳೆಯ ಅಂಬಾಸಿಡರ್ ಕಾರುಗಳಿಗೆ ಹೀಗೆ ಹ್ಯಾಂಡಲ್ ಹೊಡೆಯುತ್ತಿದ್ದುದನ್ನು ನಿಮ್ಮಲ್ಲಿ ಐವತ್ತು ದಾಟಿದವರು ನೋಡಿರುತ್ತೀರಿ. ಎಂಜಿನ್ ಒಮ್ಮೊಮ್ಮೆ ಹಿಮ್ಮುಖವಾಗಿ ಒದೆಯುತ್ತಿತ್ತು. ಹಿಡಿದವನ ಮಣಿಕಟ್ಟಿನ ಮೂಳೆ ಮುರಿಯುತ್ತಿತ್ತು. ಅಂಥ ಒಂದು ಬಗೆಯ ಮುರಿತಕ್ಕೆ ವೈದ್ಯರು ಇಂದಿಗೂ ‘ಶೋಫರ್ ಫ್ರಾಕ್ಚರ್’ ಎನ್ನುತ್ತಾರೆ. ಈ ಕಷ್ಟದಿಂದ ಜನರನ್ನು ಪಾರುಮಾಡಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಆತನ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂತು. ಆತ ಎಂಜಿನಿಯರ್ ಆಗುವುದಕ್ಕೆ ಮೊದಲು ಶಾಲಾ ಮಾಸ್ತರನಾಗಿದ್ದ ಎಂಬುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತಿದ್ದೆ (ನಮ್ಮ ಕಸುಬಿನವರಿಗೂ ಒಂದಿಷ್ಟು ಗೌರವ ಸಿಗಲಿ ಎಂದು).

ಅಷ್ಟು ಭಾರದ ಎಂಜಿನ್ ತಿರುಗಿಸಲು ದೊಡ್ಡ ಮೋಟಾರೇ ಬೇಕೆಂಬುದು ಸಹಜವಾಗಿ ತೋರುವ ಲೆಕ್ಕ. ಕೆಟರಿಂಗ್ ಅದಕ್ಕೆ ಮುಂಚೆ ಅಂಗಡಿಗಳ ನಗದು ಯಂತ್ರಕ್ಕೆ ಪುಟ್ಟ ಮೋಟಾರ್ ಜೋಡಿಸಿದ್ದ. ಕ್ಷಣಮಾತ್ರದ ಕೆಲಸಕ್ಕೆ ಸಣ್ಣ ಮೋಟಾರಿಗೇ ಮಿತಿಮೀರಿದ ವಿದ್ಯುತ್ತನ್ನು ಕೊಡಬಹುದೆಂಬುದನ್ನು ಆತ ಅಲ್ಲಿ ಕಂಡುಕೊಂಡಿದ್ದ. ಕಾರಿಗೂ ಅದನ್ನೇ ಮಾಡಿದ. ಇಂದಿನ ನಮ್ಮ ಸಣ್ಣ ಕಾರುಗಳ ಸೆಲ್ಫ್ ಕೂಡ ಅದೇ ತತ್ತ್ವದ್ದು. ಆದ್ದರಿಂದಲೇ ಕೀಲಿಯನ್ನು ಐದಾರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಎಂಜಿನ್ ಎದ್ದೇಳದಿದ್ದರೆ ಬಿಟ್ಟು, ಅರ್ಧ ನಿಮಿಷ ಮೋಟಾರ್ ತಣಿಯಲು ಕಾದು, ಮತ್ತೆ ತಿರುವಬೇಕು. ನಮ್ಮವರು ಸಿಟ್ಟಿನಿಂದ ಕೀಲಿ ಹಿಡಿದುಕೊಂಡೇ ಕೂಡುತ್ತಾರೆ. ಸುಮ್ಮನಿದ್ದ ಸೆಲ್ಫ್ ನಿಜವಾಗಿ ಸುಡುವುದು ಆಗ!

ಇನ್ನು ಹತ್ತನೆಯ ತರಗತಿಯ ಓಮ್‌ನ ನಿಯಮವನ್ನು ನೆನಪು ಮಾಡಿಕೊಳ್ಳಿ. (ಮರೆತಿದ್ದರೆ ನನ್ನ ಮುಂದೆ ಹೇಳಬೇಡಿ.) ಕಾರಿನ ಮುಂದೀಪದ 60 ವಾಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 5 ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಎಳೆಯುವುದು ನೂರು, ನೂರೈವತ್ತು ಆಂಪಿಯರ್. ದಾರಿಯಲ್ಲಿ ಎಲ್ಲಿಯಾದರೂ ಕೇವಲ 0.02 ಓಮ್ ರೋಧವಿದ್ದರೆ ಬಲ್ಬಿಗೆ ನಷ್ಟವಾಗುವುದು 0.1 ವೋಲ್ಟ್, ದೀಪ ಝಗಝಗಿಸುತ್ತಲೇ ಇರುತ್ತದೆ. ಆದರೆ 150 ಆಂಪಿಯರ್ ಹರಿಯಬೇಕಾದಲ್ಲಿ ಅದೇ ರೋಧ 3 ವೋಲ್ಟನ್ನು ನುಂಗುತ್ತದೆ. 12ರಲ್ಲಿ 3 ಹೋದರೆ ಉಳಿಯುವುದು 9. ‘ಲೈಟು ಛಲೋ ಹತ್ತತಾವ, ಹಾರ್ನ್ ಹೊಡಿತೈತಿ, ಅಂದಮ್ಯಾಲ ಬ್ಯಾಟರಿ, ವೈರು ಎಲ್ಲಾ ಛಲೋ ಅದಾವ, ಕೆಟ್ಟಿದ್ದು ಮೋಟಾರೇ’ ಎಂಬ ತರ್ಕ ಕುಸಿಯುವುದು ಇಲ್ಲಿಯೇ.

ಈ ರೋಧ ಎಲ್ಲಿಂದ ಬರುತ್ತದೆ? ಬ್ಯಾಟರಿಯ ಟರ್ಮಿನಲ್ ಮೇಲೆ ಬೂದಿಯಂತೆ, ಕೆಲವೊಮ್ಮೆ ಹಸಿರಾಗಿ ಕಟ್ಟುವ ಕಿಲುಬಿನಿಂದ. ಎಂಜಿನ್ನಿಗೂ ಬಾಡಿಗೂ ಜೋಡಿಸಿದ ಅರ್ಥಿಂಗ್ ಪಟ್ಟಿಯ ಬೋಲ್ಟಿನ ಅಡಿಯ ತುಕ್ಕಿನಿಂದ. ನಮ್ಮ ಎರೆಭೂಮಿಯ ರಸ್ತೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳು. ಮಳೆ ಬಿದ್ದರೆ ಅದೇ ಧೂಳು ಅಂಟಿನಂಥ ಕೆಸರು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಗದ್ದೆಯ ಬದಿಯ ದಾರಿ ಒಣಗುವುದೇ ಕಡಿಮೆ. ಬಹಳಷ್ಟು ಕಾರುಗಳಲ್ಲಿ ಸೆಲ್ಫ್ ಎಂಜಿನ್ನಿನ ಕೆಳಭಾಗದಲ್ಲಿರುವುದರಿಂದ ಈ ಕೆಸರೆಲ್ಲ ಅದಕ್ಕೇ ಅಭಿಷೇಕ. ಮೇಲೆ ರಾಯಚೂರು ಜಿಲ್ಲೆಯ ಬಿಸಿಲು ಬ್ಯಾಟರಿಯ ಆಯುಷ್ಯವನ್ನು ತಿನ್ನುತ್ತಿರುತ್ತದೆ.

ಹೀಗಾಗಿ ಕಿವಿಗೊಟ್ಟು ಕೇಳಬೇಕು. ಕೀಲಿ ತಿರುವಿದಾಗ ದೀಪ ಮಂಕಾಗಿ ಟಕಟಕಟಕ ಎಂದು ಬಡಿದುಕೊಂಡರೆ ಮೊದಲ ಗುಮಾನಿ ಬ್ಯಾಟರಿಯ ಮೇಲೆ. ಒಂದೇ ಒಂದು ‘ಟಕ್’ ಎಂದು ಸುಮ್ಮನಾದರೆ ಸಾಲಿನಾಯ್ಡ್ ಎಳೆದಿದೆ, ಮೋಟಾರಿಗೆ ಸಾಕಷ್ಟು ವಿದ್ಯುತ್ ಮುಟ್ಟಿಲ್ಲ ಅಥವಾ ಮೋಟಾರೇ ಹಿಡಿದುಕೊಂಡಿದೆ. ಏನೂ ಸದ್ದಿಲ್ಲದಿದ್ದರೆ ಕೀಲಿಯ ಸ್ವಿಚ್ಚು, ರಿಲೇ, ಫ್ಯೂಸು, ಸಣ್ಣ ವೈರು ಇವನ್ನೆಲ್ಲ ನೋಡಬೇಕು. ಮೋಟಾರ್ ಜರ್ರನೆ ತಿರುಗಿ ಎಂಜಿನ್ ತಿರುಗದಿದ್ದರೆ ಹಲ್ಲಿನ ಚಕ್ರದ್ದು ಬೇರೆಯೇ ಕಥೆ. ಇಷ್ಟೆಲ್ಲ ರೋಗಗಳಿಗೆ ಒಂದೇ ಔಷಧಿ ಎಂದರೆ ಹೇಗೆ?

ಕಳೆದ ವರ್ಷ ಸಿಂಧನೂರಿನಿಂದ ಲಿಂಗಸುಗೂರಿಗೆ ಒಂದು ಮದುವೆಗೆ ಹೊರಟಿದ್ದೆವು. ಬಂಧುವೊಬ್ಬರ ಸಣ್ಣ ಕಾರು. ಮಸ್ಕಿಯಲ್ಲಿ ಚಹಾಕ್ಕೆಂದು ನಿಲ್ಲಿಸಿದ್ದು ಮತ್ತೆ ಏಳಲಿಲ್ಲ, ಒಂದೇ ‘ಟಕ್’. ಹತ್ತಿರದ ಗ್ಯಾರೇಜಿನವನು ಎಂದಿನ ತೀರ್ಪು ಕೊಟ್ಟ: ಹೊಸ ಮೋಟಾರು, ಕೆಲವು ಸಾವಿರ ರೂಪಾಯಿ, ಅದೂ ಸಂಜೆಗೆ ರಾಯಚೂರಿನಿಂದ ಬರಬೇಕು. ಮಸ್ಕಿಯಲ್ಲೇ ಆಟೋ ಎಲೆಕ್ಟ್ರಿಷಿಯನ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿಸಿದೆ. ಆತ ಬರುವವರೆಗೆ ಜೊತೆಗಿದ್ದ ಮಕ್ಕಳನ್ನು ಅಶೋಕನ ಶಾಸನ ತೋರಿಸಲು ಕರೆದೊಯ್ದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಎಂಬುವವನ ಕಣ್ಣಿಗೆ ಬಿದ್ದ ಬಂಡೆ ಅದು. ಬೇರೆ ಕಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದನ್ನಷ್ಟೇ ಕಂಡಿದ್ದ ವಿದ್ವಾಂಸರಿಗೆ ಅಶೋಕ ಎಂಬ ಹೆಸರು ಬಿರುದಿನ ಜೊತೆಯಲ್ಲೇ ಸಿಕ್ಕಿದ್ದು ಇಲ್ಲಿ. ಊಹೆಗೂ ಸಾಕ್ಷಿಗೂ ಇರುವ ಅಂತರವನ್ನು ಮಕ್ಕಳಿಗೆ ಹೇಳಿಕೊಟ್ಟು ಹಿಂದಿರುಗುವಷ್ಟರಲ್ಲಿ ಆತ ಕೆಲಸದಲ್ಲಿ ತೊಡಗಿದ್ದ.

ಆತ ಮೊದಲು ಮುಟ್ಟಿದ್ದು ಮೋಟಾರನ್ನಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹದ ಮೇಲೆ ಇಟ್ಟು ‘ಕೀಲಿ ತಿರುವ್ರಿ’ ಎಂದ. ಎರಡೂ ಒಂದೇ ತುದಿಗೆ ಸೇರಿದ ಜಾಗಗಳಾದ್ದರಿಂದ ಮೀಟರು ಅರ್ಧ ವೋಲ್ಟನ್ನೂ ತೋರಿಸಬಾರದು. ತೋರಿಸಿದ್ದು ಮೂರಕ್ಕೂ ಹೆಚ್ಚು! ದಪ್ಪ ಜಂಪರ್ ವೈರನ್ನು ಆ ಎರಡು ಜಾಗಗಳ ನಡುವೆ ಹಿಡಿದು ಮತ್ತೆ ತಿರುವಿಸಿದ, ಕಾರು ಎದ್ದಿತು. ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ, ತುಕ್ಕನ್ನು ಉಜ್ಜುಕಾಗದದಿಂದ ತಿಕ್ಕಿ, ಪಾನಾ ಹಾಕಿ ಬಿಗಿದ. ಒಟ್ಟು ಇಪ್ಪತ್ತು ನಿಮಿಷ. ಮುನ್ನೂರು ರೂಪಾಯಿ ಕೇಳಿದ.

ಕೆಲವು ಸಾವಿರ ಕೊಡಲು ಒಂದು ಗಂಟೆಯ ಹಿಂದೆ ಸಿದ್ಧರಾಗಿದ್ದ ನಮ್ಮ ಬಂಧುಗಳು ಆಗ ಹೇಳಿದ ಮಾತು: ‘ಒಂದು ಬೋಲ್ಟ್ ಟೈಟ್ ಮಾಡಿದ್ದಕ್ಕ ಮುನ್ನೂರಾ? ಏನ್ ಸಾಮಾನು ಹಾಕೀಯಪಾ?’ ನೂರೈವತ್ತು ಕೊಟ್ಟು ಮುಗಿಸಿದರು. ನಾನು ಉಳಿದದ್ದನ್ನು ಕೊಡಹೋದರೆ ಆತ ತೆಗೆದುಕೊಳ್ಳಲಿಲ್ಲ. ಕೈ ಒರೆಸಿಕೊಳ್ಳುತ್ತ ನನ್ನೊಬ್ಬನಿಗೇ ಕೇಳುವಂತೆ ಹೇಳಿದ: ‘ಸರ್ರ, ಹುಡುಕಿ ಕೊಟ್ರ ಜಗಳ ಮಾಡ್ತಾರ. ಹೊಸಾದು ಹಾಕಿದ್ರ ಚಾ ಕುಡಿಸಿ ಹೋಗ್ತಾರ್ರಿ.’

ಅವನ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಹೊಸ ಮೋಟಾರ್ ಹಾಕಿದರೆ ಬಿಡಿಭಾಗದ ಮೇಲೆ ಒಂದಿಷ್ಟು ಲಾಭ ಸಿಗುತ್ತದೆ, ಕೂಲಿ ಸಿಗುತ್ತದೆ. ಗಿರಾಕಿಯ ಕೈಗೆ ಹೊಳೆಯುವ ಡಬ್ಬಿ, ಬಿಲ್ಲು, ಗ್ಯಾರಂಟಿ. ದೋಷವನ್ನು ಹುಡುಕಿಕೊಟ್ಟರೆ ಸಿಗುವುದು ಅನುಮಾನದ ನೋಟ. ಮನೆಯಲ್ಲಿ ಮೂರು ಮಕ್ಕಳಿರುವ ಮನುಷ್ಯ ಎಷ್ಟು ದಿನ ಹುಡುಕುತ್ತ ಕೂಡುತ್ತಾನೆ? ಆತನೂ ಒಂದು ದಿನ ‘ಮೋಟಾರ್ ಹೋಗೈತ್ರಿ’ ಎನ್ನತೊಡಗಿದರೆ ನಾನು ಆತನನ್ನು ದೂಷಿಸಲಾರೆ. ತನ್ನ ಹಿರಿಯ ಮಗ ಈ ಕೆಲಸ ಕಲಿಯಲೊಲ್ಲ ಎಂದೂ ಆತ ಹೇಳಿದ. ಆತ ಕಲಿತದ್ದು ಶಾಲೆಯಲ್ಲಿ ಅಲ್ಲ, ಒಬ್ಬ ಮಿಸ್ತ್ರಿಯ ಕೈಕೆಳಗೆ ಹತ್ತು ವರ್ಷ ಬೈಸಿಕೊಂಡು. ನನ್ನ ತರಗತಿಯಲ್ಲಿ ಓಮ್‌ನ ನಿಯಮಕ್ಕೆ ಆತ ಬರೆದ ಉತ್ತರಕ್ಕೆ ಹತ್ತರಲ್ಲಿ ಎರಡು ಅಂಕ ಬಂದಿದ್ದವು. ಅದೇ ನಿಯಮವನ್ನು ಅಷ್ಟು ಚೊಕ್ಕವಾಗಿ ಪ್ರಯೋಗಿಸಿದವರನ್ನು ನಾನು ಅಷ್ಟಾಗಿ ಕಂಡಿಲ್ಲ.

ಸೋಜಿಗವೆಂದರೆ ಇದೇ ನಮ್ಮ ಜನ ಹೊಲದ ಪಂಪಿನ ಮೋಟಾರ್ ಸುಟ್ಟರೆ ಹೊಸದನ್ನು ತರುವ ಮಾತೇ ಆಡುವುದಿಲ್ಲ. ರಿವೈಂಡಿಂಗ್ ಅಂಗಡಿಗೆ ಒಯ್ದು, ಎದುರಿಗೇ ಕೂತು, ತಾಮ್ರದ ತಂತಿ ತೂಗಿಸಿ ಸುತ್ತಿಸಿಕೊಂಡು ಬರುತ್ತಾರೆ. ಅಲ್ಲಿ ತಂತಿ ಕಣ್ಣಿಗೆ ಕಾಣುತ್ತದೆ, ತೂಕಕ್ಕೆ ಬರುತ್ತದೆ. ಆದ್ದರಿಂದ ದುಡ್ಡು ಬಿಚ್ಚುತ್ತಾರೆ. ಕಾರಿನ ಸೆಲ್ಫ್ ಕೂಡ ಮೋಟಾರೇ ತಾನೆ? ಅದರಲ್ಲಿ ಸವೆಯುವವು ಮುಖ್ಯವಾಗಿ ಇಂಗಾಲದ ಬ್ರಷ್ಷುಗಳು, ತುದಿಯ ಬುಷ್ಷುಗಳು, ಸಾಲಿನಾಯ್ಡಿನೊಳಗಿನ ತಾಮ್ರದ ಸಂಪರ್ಕಗಳು. ಅವುಗಳ ಬೆಲೆ ಹೊಸ ಮೋಟಾರಿನ ಬೆಲೆಯ ಮುಂದೆ ಅತ್ಯಲ್ಪ.

ಹಾಗೆಂದು ಮೋಟಾರನ್ನು ಎಂದಿಗೂ ಬದಲಿಸಲೇಬಾರದೆಂದು ನಾನು ಹಟ ಹಿಡಿಯುವುದಿಲ್ಲ. ಆರ್ಮೇಚರ್ ಸುಟ್ಟಿದ್ದರೆ, ಕಾಮ್ಯುಟೇಟರ್ ತೀರ ಸವೆದಿದ್ದರೆ, ನೆರೆಯ ನೀರಿನಲ್ಲಿ ನಿಂತು ಒಳಗೆಲ್ಲ ತುಕ್ಕು ಹಿಡಿದಿದ್ದರೆ ಬದಲಿಸುವುದೇ ಲೇಸು. ರಾತ್ರಿ ಹೊತ್ತು ರೋಗಿಯನ್ನು ರಾಯಚೂರಿಗೆ ಒಯ್ಯುವ ಕಾರಾದರೆ ಅರೆಬರೆ ರಿಪೇರಿಯ ಮೇಲೆ ನಂಬಿಕೆ ಇಡಲೂಬಾರದು. ಸಮತಟ್ಟಾದ ನಮ್ಮ ಸೀಮೆಯಲ್ಲಿ ಇಳಿಜಾರಾದರೂ ಎಲ್ಲಿದೆ, ಎರಡನೆಯ ಗೇರಿಗೆ ಹಾಕಿ ದೂಡಿಸಿಕೊಂಡು ಹೋಗಲು? ಬದಲಿಸುವುದಾದರೆ ಕ್ರಮವಾಗಿ ಆಗಲಿ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಕೊನೆಗೆ ಅದನ್ನೇ ಜೋಡಿಸಬೇಕು. ಏಕೆಂದರೆ ಸೆಲ್ಫಿಗೆ ಬರುವ ದಪ್ಪ ವೈರಿಗೆ ನಡುವೆ ಫ್ಯೂಸ್ ಇರುವುದು ಅಪರೂಪ, ಪಾನಾ ತಗುಲಿದರೆ ಕಿಡಿಯ ಮಳೆ. ಗಾಡಿಯ ಕೆಳಗೆ ನುಸುಳುವುದಿದ್ದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಬೇಕು, ಚಕ್ರಕ್ಕೆ ಕಲ್ಲು ಇಡಬೇಕು. ಈ ಮಾತಿನಲ್ಲಿ ಮಾತ್ರ ಚೌಕಾಸಿ ಇಲ್ಲ.

ನನ್ನ ಸಲಹೆ ಇಷ್ಟೆ. ಡಾಕ್ಟರು ಔಷಧಿ ಬರೆಯದಿದ್ದರೂ ನೋಡಿದ್ದಕ್ಕೆ ಫೀಸು ಕೊಡುತ್ತೇವೆ. ಅದರಂತೆ ‘ಮೊದಲು ನೋಡಪ್ಪಾ, ನೋಡಿದ್ದಕ್ಕೆ ಇಷ್ಟು, ಆಮೇಲೆ ಕೆಲಸಕ್ಕೆ ಇಷ್ಟು’ ಎಂದು ಮುಂಚೆಯೇ ಮಾತಾಡಿಕೊಳ್ಳಿ. ಬ್ಯಾಟರಿಯನ್ನೂ ಎರಡು ಕಡೆಯ ವೈರುಗಳನ್ನೂ ಮೀಟರಿನಿಂದ ಪರೀಕ್ಷಿಸಿ ತೋರಿಸಲು ಹೇಳಿ. ಮೋಟಾರ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ಬಿಚ್ಚಿಸಿ ನೋಡಿದರೆ ಕೆಟ್ಟದ್ದು ಏನೆಂಬುದಾದರೂ ತಿಳಿಯುತ್ತದೆ.

ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿರುವ ನೀವು ಹಬ್ಬಕ್ಕೆ ಸ್ವಂತ ಕಾರಿನಲ್ಲೇ ಊರಿಗೆ ಬರುತ್ತೀರೆಂದು ಬಲ್ಲೆ. ಹೊರಡುವ ಮೊದಲು ಬ್ಯಾಟರಿಯ ಟರ್ಮಿನಲ್ಲುಗಳನ್ನು ಶುಚಿ ಮಾಡಿಸಿ. ಆದರೂ ಮಸ್ಕಿಯ ಆಸುಪಾಸಿನಲ್ಲಿ ಸೆಲ್ಫ್ ತೆಗೆದುಕೊಳ್ಳದೆ ನಿಂತರೆ ನನಗೆ ಫೋನು ಮಾಡಿ. ಆ ಹುಡುಗನ ನಂಬರು ಕೊಡುತ್ತೇನೆ. ಒಂದೇ ಷರತ್ತು, ಆತ ಏನೂ ಸಾಮಾನು ಹಾಕದೆ ಸರಿಪಡಿಸಿದರೂ ಕೇಳಿದಷ್ಟು ಕೊಡಬೇಕು.