ಮಕ್ಕಳ ಕೈಗೆ ಆ ಕಥೆಗಳನ್ನು ಕೊಡಬಹುದೇ?

ಕಳೆದ ವರುಷ ಮಳೆಗಾಲದಲ್ಲಿ ಒಂದು ದಿನ ನಾನು ಹತ್ತನೆಯ ತರಗತಿಯ ಬಾಗಿಲನ್ನು ಹಾದುಹೋಗುತ್ತಿರಲು, ಒಳಗಿನಿಂದ “ಸುಮ್ಮಕಿರ್ರೇ, ಹಿಟ್ಲರ್ ಬಂದ್ಳು” ಎಂಬ ಪಿಸುಮಾತು ಕಿವಿಗೆ ಬಿದ್ದಿತು. ಆ ಹಿಟ್ಲರನು ನಾನೇ. ಶಿಸ್ತಿನ ವಿಷಯದಲ್ಲಿ ನನ್ನ ಕೈ ಬಿಗಿಯೆಂಬದನ್ನು ಹಳೆಯ ವಿದ್ಯಾರ್ಥಿನಿಯರಾದ ನೀವು ಬಲ್ಲಿರಿ. ನಿಮ್ಮ ಕಾಲದಲ್ಲಿ ನನಗೆ ಬೇರೊಂದು ಅಡ್ಡಹೆಸರಿದ್ದುದನ್ನು ನಾನೂ ಬಲ್ಲೆನು. ಆದಕಾರಣ ಸಿಟ್ಟು ಬರಲಿಲ್ಲ. ಆ ಹುಡುಗಿಯನ್ನು ಕರೆದು, ಹಿಟ್ಲರನೆಂದರೆ ಯಾರೆಂದು ಕೇಳಲು, “ಬಾಳ ಸ್ಟ್ರಿಕ್ಟ್ ಇದ್ನಂತ್ರಿ ಟೀಚರ್” ಎಂದಳು. ಆಗ ಮಾತ್ರ ನನ್ನ ಮನಸ್ಸು ಕುಗ್ಗಿತು. 2021ರಲ್ಲಿ ಒಂದು ಕನ್ನಡ ಧಾರಾವಾಹಿಯೇ ಆ ಹೆಸರನ್ನಿಟ್ಟುಕೊಂಡು ಮನೆಮನೆಗೆ ಬಂದಿರುವಾಗ, ಮಗುವನ್ನು ದೂರುವದು ಹೇಗೆ?

1933ರಿಂದ 1945ರ ವರೆಗೆ ಆ ಮನುಷ್ಯನ ಆಳಿಕೆಯಲ್ಲಿ ಸುಮಾರು 60 ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟರು. ಅವರಲ್ಲಿ ಸುಮಾರು 15 ಲಕ್ಷ ಮಂದಿ ಮಕ್ಕಳು. ಇದನ್ನು ಹಲಗೆಯ ಮೇಲೆ ಬರೆದರೆ ಹುಡುಗಿಯರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಾರೆ, ಅಷ್ಟೇ. ನಮ್ಮ ಮಸ್ಕಿಯ ಬಂಡೆಯನ್ನು ನೆನೆಯಿರಿ. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದನ್ನು ಓದಿದ ಪಂಡಿತರು ಆ ಅರಸನು ಇಂಥವನೆಂದು ತರ್ಕಿಸುತ್ತಿದ್ದರು. 1915ರಲ್ಲಿ ಇಲ್ಲಿ ‘ಅಶೋಕ’ ಎಂಬ ಹೆಸರು ಕಂಡ ಮೇಲೆ ಸಂದೇಹವು ನೀಗಿತು. ಲಕ್ಷಗಳ ಲೆಕ್ಕಕ್ಕೂ ಹಾಗೆಯೇ ಒಂದು ಹೆಸರು ಬೇಕು. ಆ ಹೆಸರನ್ನು ಕಥೆಯು ಕೊಡುತ್ತದೆ.

ಆದುದರಿಂದ ವಾಚನಾಲಯದ ಅವಧಿಯಲ್ಲಿ ಲೋಯಿಸ್ ಲೌರಿಯವರು 1989ರಲ್ಲಿ ಬರೆದ ‘ನಂಬರ್ ದಿ ಸ್ಟಾರ್ಸ್’ ಎಂಬ ಕಾದಂಬರಿಯನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆನು. 1943ರ ಡೆನ್ಮಾರ್ಕ್ ದೇಶ, ಹತ್ತು ವರುಷದ ಇಬ್ಬರು ಗೆಳತಿಯರು, ಒಬ್ಬಳು ಯೆಹೂದ್ಯಳು. ಆ ದೇಶದ ಜನರು 7,000ಕ್ಕೂ ಹೆಚ್ಚು ಯೆಹೂದ್ಯರನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನಿಗೆ ದಾಟಿಸಿದ್ದು ಸತ್ಯಸಂಗತಿ. ಮೂರನೆಯ ದಿನ ಹುಡುಗಿಯರು ತಾವಾಗಿಯೇ ಕೇಳಿದರು: ನಮ್ಮ ಮನೆಯ ಕದವನ್ನು ಅವರು ತಟ್ಟಿದ್ದರೆ ಅಪ್ಪ ತೆಗೆಯುತ್ತಿದ್ದನೇ? ಪೋಷಕರೇ, ಆ ಸಂಜೆ ನಿಮ್ಮಲ್ಲಿ ಕೆಲವರಿಗೆ ಈ ಪ್ರಶ್ನೆ ಬಂದಿರಬೇಕು.

ಇನ್ನೊಂದು ತೊಡಕನ್ನು ನಾನು ನಿರೀಕ್ಷಿಸಿರಲಿಲ್ಲ. ಸಿಂಧನೂರಿನ ಮಗುವಿಗೆ ‘ಕ್ಯಾಂಪು’ ಎಂದರೆ ತುಂಗಭದ್ರೆಯ ಕಾಲುವೆಯ ಬದಿಯ ಊರು, ಭತ್ತದ ಗದ್ದೆ, ಗೆಳತಿಯ ಮನೆ. ಯೆಹೂದ್ಯರನ್ನು ಕ್ಯಾಂಪಿಗೆ ಕಳುಹಿದರೆಂದಾಗ ಕೆಲವರಿಗೆ ಅದೊಂದು ಉಪಕಾರವಾಗಿಯೇ ತೋರಿತು! ಮುಳ್ಳುತಂತಿಯೊಳಗಿನ ಸೆರೆಮನೆಯೆಂದು ಬಿಡಿಸಿ ಹೇಳಬೇಕಾಯಿತು.

ಕಥೆಯೆಂದ ಮಾತ್ರಕ್ಕೆ ಎಲ್ಲವೂ ಯೋಗ್ಯವಲ್ಲ. 2006ರಲ್ಲಿ ಹೊರಬಂದ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’ ಎಂಬ ಹೆಸರಾದ ಪುಸ್ತಕವನ್ನು ನಾನು ಕಪಾಟಿನಲ್ಲಿಡಲಿಲ್ಲ. ಅದರಲ್ಲಿ ಸೆರೆಶಿಬಿರದ ಅಧಿಕಾರಿಯ ಮಗನು ಏನೂ ಅರಿಯದವನಾಗಿ ಬೇಲಿಯಾಚೆಯ ಯೆಹೂದ್ಯ ಹುಡುಗನೊಂದಿಗೆ ಗೆಳೆತನ ಬೆಳಸುತ್ತಾನೆ. ಓದುವ ಮಗು ಕಡೆಗೆ ಅಳುವದು ಅಧಿಕಾರಿಯ ಮಗನಿಗಾಗಿ. ನಿಜದಲ್ಲಿ ಆಶ್‌ವಿಟ್ಸಿಗೆ ತರಲ್ಪಟ್ಟ ಯೆಹೂದ್ಯ ಮಕ್ಕಳಲ್ಲಿ ಹೆಚ್ಚಿನವರು ಇಳಿದ ದಿವಸವೇ ಸತ್ತರು. ಆ ವಿಷಯವನ್ನು ಕಲಿಯುವವರೂ ಕಲಿಸುವವರೂ ಅದನ್ನು ಬಿಡಬೇಕೆಂದು ಆಶ್‌ವಿಟ್ಸಿನ ಸ್ಮಾರಕಾಲಯವೇ 2020ರಲ್ಲಿ ಹೇಳಿತು. ಕಲ್ಪನೆಯ ಹಿಂದೆಯೇ ಸತ್ಯದ ಪುಸ್ತಕವೂ ಬರಬೇಕು. ನಾವು ಆನ್ ಫ್ರಾಂಕಳ ದಿನಚರಿಯನ್ನು ತೆಗೆದುಕೊಂಡೆವು. ಹದಿನೈದು ವರುಷಕ್ಕೆ ಬೆರ್ಗೆನ್-ಬೆಲ್ಸೆನಿನಲ್ಲಿ ತೀರಿಕೊಂಡ ಆಕೆಯ ಬರಹವನ್ನು ತಂದೆಯು 1947ರಲ್ಲಿ ಅಚ್ಚುಮಾಡಿಸಿದನು. ಎಂಟನೆಯ ತರಗತಿಗಿಂತ ಕೆಳಗಿನವರಿಗೆ ಇದಾವದೂ ಬೇಡವೆಂಬದು ನನ್ನ ಮತ. ಹೂವಿನಂಥ ಮಕ್ಕಳಿಗೆ ಹೆಣಗಳ ಮಾತೇಕೆಂದು ನನ್ನ ಕೋಣೆಗೆ ಬಂದು ವಾದಿಸಿದ ತಂದೆಯೊಬ್ಬರಿಗೆ ಅಷ್ಟರ ಮಟ್ಟಿಗೆ ನಾನು ಸೋತಿದ್ದೇನೆ.

ನಮ್ಮಂಥ ಶಾಲೆಯಲ್ಲಿ ಇದನ್ನು ಕಲಿಸಲೇಬೇಕೆಂಬದಕ್ಕೆ ಬೇರೊಂದು ಕಾರಣವುಂಟು, ಬರೆಯಲು ನಾಚಿಕೆಯಾಗುತ್ತದೆ. ಒಬ್ಬ ಸಾಧುವಾದ ಹುಡುಗಿ ಎದ್ದುನಿಂತು, “ಯೇಸುಸ್ವಾಮಿಯನ್ನು ಕೊಂದವರು ಅವರೇ ಅಲ್ಲವೇನ್ರಿ? ಅದಕ್ಕಾದ ಶಿಕ್ಷೆಯೇನ್ರಿ?” ಎಂದಳು. ಆ ಮಾತನ್ನು ಅವಳು ಹಿಟ್ಲರನಿಂದ ಕಲಿತದ್ದಲ್ಲ. ಶುಭಶುಕ್ರವಾರದ ಪ್ರಸಂಗಗಳಲ್ಲಿ ನಾವು ಎಚ್ಚರವಿಲ್ಲದೆ ಆಡಿದ ಮಾತುಗಳಿಂದ ಕಲಿತದ್ದು. ಯೇಸು ತಾನೇ ಯೆಹೂದ್ಯನು, ಅವನ ತಾಯಿಯೂ ಶಿಷ್ಯರೂ ಯೆಹೂದ್ಯರು. ಆದರೂ ಯುರೋಪಿನ ಸಭೆಗಳು ಶತಮಾನಗಳ ವರೆಗೆ ಈ ಅಪವಾದವನ್ನು ಬಾಯಿಂದ ಬಾಯಿಗೆ ದಾಟಿಸಿದವು. ಎಲ್ಲ ಯೆಹೂದ್ಯರ ಮೇಲೆ ಅದನ್ನು ಹೊರಿಸಕೂಡದೆಂದು ರೋಮನ್ ಸಭೆಯು ಬಾಯಿಬಿಟ್ಟು ಹೇಳಿದ್ದು 1965ರಲ್ಲಿ. ಕೊಂದವರಲ್ಲಿ ಬಹುಮಂದಿ ದೀಕ್ಷಾಸ್ನಾನ ಹೊಂದಿದವರೆಂಬದನ್ನು ಆ ದಿನ ನಾನು ಮರೆಮಾಚಲಿಲ್ಲ.

ದೂರದೇಶದ ದುಃಖವೇಕೆ, 1948ರಲ್ಲಿ ನಮ್ಮ ಸೀಮೆಯೇ ಅತ್ತಿಲ್ಲವೇ, ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಆದರೆ ರಜಾಕಾರರು ಮಾಡಿದ್ದನ್ನು ಒಂದು ಮನೆಯ ಅಜ್ಜಿ ಹೇಳುತ್ತಾಳೆ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಸಂಸ್ಥಾನದ ಮುಸಲ್ಮಾನರಿಗೆ ಆದದ್ದನ್ನು ಇನ್ನೊಂದು ಮನೆಯ ಅಜ್ಜಿ ಹೇಳುತ್ತಾಳೆ. ಸುಂದರಲಾಲರ ಸಮಿತಿಯು ಈ ಎರಡನೆಯದನ್ನು ವಿಚಾರಿಸಿ ಬರೆದ ವರದಿಯು ದಶಕಗಳ ವರೆಗೆ ಬೆಳಕು ಕಾಣಲಿಲ್ಲ. ಒಂದೇ ಬೆಂಚಿನಲ್ಲಿ ಕೂಡುವ ಹುಡುಗಿಯರು ಈ ಎರಡನ್ನೂ ಕೇಳುವಂತಾಗಬೇಕಾದರೆ, ತಮ್ಮವರಲ್ಲದವರಿಗಾಗಿ ಅಳುವದನ್ನು ಮೊದಲು ಎಲ್ಲಿಯಾದರೂ ಅಭ್ಯಾಸಮಾಡಬೇಕು. ಡೆನ್ಮಾರ್ಕಿನ ಕಥೆಯಲ್ಲಿ ಯಾರ ಮನೆತನದ ಮಾನವೂ ಪಣಕ್ಕಿಲ್ಲ. ಅಲ್ಲಿಂದ ರಾಯಚೂರಿಗೆ ಬರುವ ದಾರಿ ನನಗೆ ಕಾಣುತ್ತದೆ; ರಾಯಚೂರಿನಿಂದಲೇ ಹೊರಟರೆ ಮೊದಲನೆಯ ಪಾಠದಲ್ಲಿಯೇ ಜಗಳವಾದೀತು.

ಈ ಸಾರಿಯ ವಾರ್ಷಿಕೋತ್ಸವಕ್ಕೆ ಹುಡುಗಿಯರು ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಕಲಿಯುತ್ತಿದ್ದಾರೆ. 1942ರ ಜುಲೈಯಲ್ಲಿ ವಾರ್ಸಾ ನಗರದ ಗೋಡೆಯೊಳಗೆ ಕೂಡಿಹಾಕಲ್ಪಟ್ಟಿದ್ದ ಯೆಹೂದ್ಯ ಅನಾಥ ಮಕ್ಕಳು ಇದೇ ನಾಟಕವನ್ನು ಆಡಿದರು. ಮುಂದಿನ ತಿಂಗಳು ಅವರನ್ನು ಟ್ರೆಬ್ಲಿಂಕಾಕ್ಕೆ ಒಯ್ದಾಗ, ಅವರ ಪಾಲಕರಾದ ಡಾಕ್ಟರ್ ಯಾನುಷ್ ಕೊರ್ಚಾಕರು ಮಕ್ಕಳನ್ನು ಬಿಟ್ಟುಳಿಯಲೊಲ್ಲದೆ ಜೊತೆಗೇ ಹೋದರು. ನಮ್ಮಲ್ಲಿ ಅಮಲನ ಪಾತ್ರವನ್ನು ವಹಿಸಿದವಳು ಪೂರ್ವಬಂಗಾಲದಿಂದ ಗಡಿ ದಾಟಿ ಬಂದು ಸಿಂಧನೂರಿನಲ್ಲಿ ನೆಲಸಿದವರ ಮೊಮ್ಮಗಳು. ಆಟದ ಸಂಗತಿಯನ್ನು ತಿಳಿದ ಅವಳ ಅಜ್ಜಿಯು ಅದರ ಮಾತುಗಳನ್ನು ಬಂಗಾಲಿಯಲ್ಲಿ ಒಮ್ಮೆ ಕೇಳಬೇಕೆಂದು ಹೇಳಿಕಳುಹಿದ್ದಾರೆ. ಒಂದು ದೃಶ್ಯವನ್ನು ಹಾಗೆಯೇ ಆಡಿಸೋಣವೆಂದಿದ್ದೇನೆ. ನೀವೆಲ್ಲರೂ ಬರಬೇಕು.