ಹೋಗುವ ದಾರಿ ಗೊತ್ತು, ಬರುವ ದಾರಿ?

ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ರಾಯಚರ್ಲು ಎಂಬ ಊರಿನ ಹೆಸರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಆಂಧ್ರದ ಗಡಿ ಕಡೆಯ, ಮಳೆ ಕೈಕೊಡುವ, ಕಡಲೆಕಾಯಿ ನಂಬಿ ಬದುಕಿದ ಸೀಮೆ ಅದು. ಮಂಗಳೂರಿನ ಬಂದರಿಗೂ ಅದಕ್ಕೂ ಸಂಬಂಧವಿಲ್ಲ, ಅಲ್ಲಿ ಬ್ಯಾರಿ ಮಾತೂ ಇಲ್ಲ. ಆದರೂ ನಮ್ಮ ಹುಡುಗರು ಕಡಲು ದಾಟುವ ವಿಷಯವನ್ನು ಈ ಸಲ ಆ ಊರಿನಿಂದಲೇ ಶುರು ಮಾಡೋಣ. ಕಾರಣ ಉಂಟು.

ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಪಾವಗಡದ ಸೋಲಾರ್ ಪಾರ್ಕ್ ಹಬ್ಬಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಪೂರ್ಣಗೊಂಡಾಗ ಅದರ ಸಾಮರ್ಥ್ಯ 2,050 ಮೆಗಾವಾಟ್. ಸರಕಾರ ಅಲ್ಲಿ ಜಮೀನು ಕಿತ್ತುಕೊಳ್ಳಲಿಲ್ಲ, ಖರೀದಿಯನ್ನೂ ಮಾಡಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆ ಶುರು ಮಾಡಿ ದೀರ್ಘ ಗುತ್ತಿಗೆಗೆ ಪಡೆಯಿತು. ಮಳೆ ಬರಲಿ ಬಿಡಲಿ, ಜಮೀನಿದ್ದವರ ಖಾತೆಗೆ ಹಣ ಬರುತ್ತದೆ. ಬರಗಾಲದ ಸೀಮೆಗೆ ಇದು ಸಣ್ಣ ಮಾತಲ್ಲ. ಇನ್ನು ಕೂಲಿಗಾಗಿ ಬೆಂಗಳೂರು ಬಸ್ಸು ಹತ್ತುವುದು ನಿಲ್ಲುತ್ತದೆ ಎಂದು ಆಗ ಹೇಳಿದವರು ಬಹಳ.

ನಿಂತಿತೇ? ಜಮೀನಿದ್ದವರಿಗೆ ಬಾಡಿಗೆ ಸಿಕ್ಕಿತು. ಅವರ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ, ಖಾಲಿ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಸೋಲಾರ್ ಹಲಗೆಗೆ ಬಿತ್ತನೆ ಇಲ್ಲ, ಕೊಯ್ಲು ಇಲ್ಲ. ಕಾವಲು, ಹುಲ್ಲು ಕತ್ತರಿಸುವುದು, ಹಲಗೆ ತೊಳೆಯುವುದು, ಇಷ್ಟಕ್ಕೆ ಊರಿನ ಎಲ್ಲರ ಕೈ ಬೇಕಾಗುವುದಿಲ್ಲ. ಓದಿದ ಮಕ್ಕಳಿಗಂತೂ ಊರಲ್ಲಿ ಹೇಳಿಕೊಳ್ಳುವಂಥ ಕೆಲಸ ಹುಟ್ಟಲಿಲ್ಲ. ಹಣ ಬಂತು, ಕೆಲಸ ಬರಲಿಲ್ಲ.

ಈಗ ನಮ್ಮ ಕಡೆ ನೋಡಿ. 1973ರಲ್ಲಿ ಎಣ್ಣೆಯ ಬೆಲೆ ಏರಿ ಅರಬ್ ದೇಶಗಳಲ್ಲಿ ಕಟ್ಟಡಗಳು ಏಳತೊಡಗಿದ ಮೇಲೆ ಕರಾವಳಿಯಿಂದ ಗಲ್ಫಿಗೆ ಹೋಗುವವರ ಸಾಲು ಉದ್ದವಾಯಿತು. ಅರ್ಧ ಶತಮಾನ ಕಳೆಯಿತು. ಆ ಹಣದಿಂದ ಹಂಚಿನ ಮನೆಗಳು ಟೆರೇಸ್ ಮನೆಗಳಾದವು, ಮಸೀದಿ ಮದ್ರಸಗಳು ಎದ್ದವು, ಬೀಡಿ ಕಟ್ಟುತ್ತಿದ್ದ ತಾಯಂದಿರ ಹೆಣ್ಣುಮಕ್ಕಳು ಡಿಗ್ರಿ ಮಾಡಿದರು. ಇದನ್ನು ಮರೆತು ಗಲ್ಫನ್ನು ಬೈಯುವುದು ಕೃತಘ್ನತೆಯಾಗುತ್ತದೆ. ಅಲ್ಲಿ ಗೆದ್ದ ಕೆಲವರು ಊರಿಗೆ ಬಂದು ಕಾಲೇಜು, ಆಸ್ಪತ್ರೆ ಕಟ್ಟಿದ್ದೂ ಉಂಟು. ಆದರೆ ಹೆಚ್ಚಿನ ಮನೆಗಳಲ್ಲಿ ಆ ದುಡಿಮೆ ಸಿಮೆಂಟು, ಬಂಗಾರ, ಮದುವೆ ಹಾಲ್‌ಗಳಲ್ಲಿ ಮುಗಿಯಿತು. ಅಜ್ಜ ಬಾಂಬೆಯ ಏಜಂಟನ ಬಾಗಿಲಲ್ಲಿ ಕಾದ, ಮಗ ದುಬೈಯಲ್ಲಿ ಇಪ್ಪತ್ತೈದು ವರ್ಷ ಕಳೆದ, ಈಗ ಮೊಮ್ಮಗ ಬಿ.ಕಾಂ. ಮುಗಿಸಿ ಮೊಬೈಲಿನಲ್ಲಿ ವಿಸಾ ಹುಡುಕುತ್ತಿದ್ದಾನೆ. ರಾಯಚರ್ಲಿಗೆ ಬಾಡಿಗೆ ಬಂದ ಹಾಗೆ ನಮಗೆ ಡ್ರಾಫ್ಟ್ ಬಂತು. ಎರಡು ಕಡೆಯೂ ಊರಲ್ಲೇ ನಿಲ್ಲಲು ಬೇಕಾದ ಕೆಲಸ ಹುಟ್ಟಲಿಲ್ಲ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಪಾವಗಡದ ಹುಡುಗನಿಗೆ ಬೆಂಗಳೂರಿನ ಮಾಲಕ ಸಂಬಳ ಕೊಡದಿದ್ದರೆ ಆತ ಆ ರಾತ್ರಿಯೇ ಬಸ್ಸು ಹತ್ತಿ ಮನೆಗೆ ಬರಬಹುದು. ಕೈ ಖಾಲಿ ಇರಬಹುದು, ಜೀವ ತನ್ನದೇ ಇರುತ್ತದೆ. ಕಡಲು ದಾಟಿದ ನಮ್ಮ ಹುಡುಗನಿಗೆ ಆ ಬಸ್ಸು ಇಲ್ಲ. ಇಕಾಮಾ ಕಫೀಲನ ಹೆಸರಿನಲ್ಲಿ, ಪಾಸ್‌ಪೋರ್ಟ್ ಎಷ್ಟೋ ಸಲ ಅವನ ಕಪಾಟಿನಲ್ಲಿ, ವಿಸಾಕ್ಕೆ ಮಾಡಿದ ಸಾಲ ಊರಿನಲ್ಲಿ. ವಲಸೆಯ ಅಪಾಯ ಎಂದು ನಾವು ಹೇಳುವುದು ಇದನ್ನೇ. ದೂರ ಹೋಗುವುದು ಅಪಾಯವಲ್ಲ, ಬೇಕಾದಾಗ ವಾಪಸ್ ಬರಲಾಗದೆ ಇರುವುದು ಅಪಾಯ.

ನಮ್ಮ ಹಿರಿಯರಿಗೆ ಕಡಲು ಹೊಸತಲ್ಲ. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ತುಳುವಿನ ‘ಬ್ಯಾರ’ದಿಂದ ಬಂತು ಎನ್ನುವವರಿದ್ದಾರೆ. ಆದರೆ ಅವರು ಕಡಲಿಗಿಳಿದದ್ದು ಸರಕಿನ ಜೊತೆ, ಗಾಳಿ ತಿರುಗಿದಾಗ ಮರಳುವ ಲೆಕ್ಕ ಹಾಕಿಕೊಂಡು. ಇವತ್ತು ಹೋಗುವವನು ತನ್ನ ಮೈಯನ್ನೇ ಸರಕಾಗಿ ಒಯ್ಯುತ್ತಾನೆ, ಅದೂ ಇನ್ನೊಬ್ಬನ ಕಾಗದದ ಮೇಲೆ.

‘ಫ್ರೀ ವಿಸಾ’ ಅಂತ ನಮ್ಮಲ್ಲಿ ಒಂದು ಮಾತುಂಟು. ಹೆಸರು ಇಟ್ಟವನು ಭಾರೀ ತಮಾಷೆಗಾರ ಇರಬೇಕು, ಯಾಕೆಂದರೆ ಅದರಷ್ಟು ದುಬಾರಿ ವಿಸಾ ಬೇರೆ ಇಲ್ಲ. ಕಾಗದದಲ್ಲಿ ಒಬ್ಬ ಕಫೀಲ, ಕೆಲಸ ಇನ್ನೊಬ್ಬನಲ್ಲಿ, ವರ್ಷ ವರ್ಷ ಕಫೀಲನಿಗೆ ಕಪ್ಪ. ಅಲ್ಲಿನ ಕಾನೂನಿನ ಕಣ್ಣಲ್ಲಿ ಇದು ತಪ್ಪು. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕಂಬಿ. ಕಫೀಲನಿಗೆ ಕೋಪ ಬಂದು ‘ಹುರೂಬ್’ ದಾಖಲಿಸಿದರೆ, ಅಂದರೆ ಕೆಲಸ ಬಿಟ್ಟು ಓಡಿಹೋದ ಎಂದು ದೂರು ಕೊಟ್ಟರೆ, ನಿನ್ನೆಯವರೆಗೆ ಅಂಗಡಿಯಲ್ಲಿ ನಿಂತಿದ್ದವನು ಇವತ್ತು ಅಪರಾಧಿ. 2013ರಲ್ಲಿ ಸೌದಿಯಲ್ಲಿ ನಿತಾಕತ್ ಬಿಗಿಯಾದಾಗ ನಿದ್ದೆ ಕಳಕೊಂಡವರಲ್ಲಿ ಇಂಥವರೇ ಬಹಳ. 2016ರಲ್ಲಿ ಮೊಬೈಲ್ ಮಾರಾಟ ಮತ್ತು ರಿಪೇರಿ ಅಂಗಡಿಗಳ ಕೆಲಸವನ್ನು ಪೂರ್ತಿ ಸೌದಿಗಳಿಗೇ ಮೀಸಲಿಟ್ಟರು. 2017ರ ಜುಲೈಯಿಂದ ಜೊತೆಗಿರುವ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ ಮುಂದೆ ವರ್ಷ ವರ್ಷ ಏರಿಸಿದರು. ಸಂಸಾರ ಊರಿಗೆ ಕಳಿಸಿ ಒಂಟಿಯಾಗಿ ಉಳಿದವರ ಸಂಖ್ಯೆ ಆ ಮೇಲೆ ಹೆಚ್ಚಿತು. ಅವರ ದೇಶ, ಅವರ ಕಾನೂನು, ಅದನ್ನು ಪ್ರಶ್ನಿಸುವುದು ನಮ್ಮ ಕೆಲಸವಲ್ಲ. ಆದರೆ ಅದೇ ಬಾಗಿಲು ಮೊದಲಿನ ಹಾಗೆ ತೆರೆದಿದೆ ಎಂದು ಮಕ್ಕಳನ್ನು ನಂಬಿಸುವುದು ಯಾಕೆ?

ಕಫಾಲತ್ ಸಡಿಲವಾಗುತ್ತಿದೆ ಎಂಬ ಸುದ್ದಿಯೂ ಸುಳ್ಳಲ್ಲ. ಮಾಲಕನ ಎನ್‌ಒಸಿ ಇಲ್ಲದೆ ಕೆಲಸ ಬದಲಿಸಲು ಕತರ್ 2020ರಲ್ಲಿ ಅವಕಾಶ ಕೊಟ್ಟಿತು. ಸೌದಿ 2021ರ ಮಾರ್ಚ್‌ನಿಂದ ಅಂಥದೇ ಸುಧಾರಣೆ ತಂದಿತು. ಆದರೆ ಆ ಸುಧಾರಣೆಯಿಂದ ಹೊರಗುಳಿದವರು ಯಾರು? ಮನೆಗೆಲಸದವರು ಮತ್ತು ಮನೆ ಡ್ರೈವರ್‌ಗಳು. ನಮ್ಮ ಒಂದೊಂದು ಮೊಹಲ್ಲಾದಲ್ಲಿ ಹೌಸ್ ಡ್ರೈವರ್ ವಿಸಾದಲ್ಲಿ ಹೋದವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡಿ.

2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಭಾರತೀಯರ ಮೃತದೇಹಗಳನ್ನು ವಾಯುಪಡೆಯ ವಿಮಾನ ಹೊತ್ತು ತಂದಿತು. ಅದರಲ್ಲಿ ಒಬ್ಬರು ನಮ್ಮ ಕಲಬುರಗಿಯವರು. ಇವರು ಕಂಪೆನಿ ವಿಸಾದಲ್ಲಿ ಸರಿಯಾಗಿ ಹೋದವರು, ಕಂಪೆನಿ ಕೊಟ್ಟ ಕೋಣೆಯಲ್ಲೇ ಮಲಗಿದವರು. ಕಾಗದ ಸರಿಯಿದ್ದವನ ಗತಿಯೇ ಹೀಗಾದರೆ ಕಾಗದವೇ ಇಲ್ಲದವನನ್ನು ಕೇಳುವವರು ಯಾರು?

ಕಾಗದವಿಲ್ಲದ ದಾರಿಗಳು ಈಗ ಗಲ್ಫಿಗೆ ಮಾತ್ರ ಹೋಗುವುದಿಲ್ಲ. ಅದೇ ಕಲಬುರಗಿಯ ಮೂವರು ಯುವಕರು ಕಾವಲು, ಸಹಾಯಕ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದ ಗಡಿಯಲ್ಲಿ ಸಿಕ್ಕಿಬಿದ್ದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಂತು. ಆಸೆ ಹುಟ್ಟಿಸಿದ್ದು ಯೂಟ್ಯೂಬ್‌ನ ಒಂದು ಚಾನೆಲ್. ಈ ಮೂವರು ಸೆಪ್ಟೆಂಬರ್‌ನಲ್ಲಿ ಜೀವಂತ ಮರಳಿದರು. ಇದೇ ಬಲೆಗೆ ಬಿದ್ದ ಹೈದರಾಬಾದಿನ ಯುವಕನೊಬ್ಬ ಮರಳಲಿಲ್ಲ. ಇನ್ನೊಂದು ದಾರಿ ಬ್ಯಾಂಕಾಕಿನದು. ಕಂಪ್ಯೂಟರ್ ಕೆಲಸ, ಡೇಟಾ ಎಂಟ್ರಿ, ಒಳ್ಳೆ ಸಂಬಳ ಅನ್ನುತ್ತಾರೆ. ಇಳಿದ ಮೇಲೆ ಕಾರಿನಲ್ಲಿ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಗೆ ಒಯ್ದು, ಬೇಲಿಯೊಳಗೆ ಕೂಡಿಹಾಕಿ, ಫೋನಿನಲ್ಲಿ ಜನರಿಗೆ ಮೋಸ ಮಾಡಲು ಕೂರಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ ವಾಯುಪಡೆಯ ವಿಮಾನಗಳು ಅಲ್ಲಿಂದ 549 ಭಾರತೀಯರನ್ನು ಕರೆತಂದವು. ಅಂಥ ಕಡೆಗೆ ಹೋಗುವವನು ಓದು ಬಾರದವನಲ್ಲ. ಇಂಗ್ಲಿಷ್ ಬರುವ, ಟೈಪಿಂಗ್ ಬರುವ, ನಮ್ಮ ಕಾಲೇಜುಗಳಿಂದ ಹೊರಬರುವ ಮಕ್ಕಳೇ ಅವರಿಗೆ ಬೇಕು.

ಇಲ್ಲೇ ನಮ್ಮ ಕಾನೂನಿನ ಒಂದು ಓರೆ ಕಾಣುತ್ತದೆ. 1983ರ ಎಮಿಗ್ರೇಷನ್ ಕಾಯ್ದೆಯಡಿ, ಹತ್ತನೆ ತರಗತಿ ಪಾಸಾಗದವನ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಆತ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಷನ್ ಕಚೇರಿಯ ಒಪ್ಪಿಗೆ ಬೇಕು, ಒಪ್ಪಂದಪತ್ರ ತೋರಿಸಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ಹತ್ತನೆ ಪಾಸಾದವನಿಗೆ ಇದ್ಯಾವುದರ ಕಡ್ಡಾಯವೂ ಇಲ್ಲ. ಓದಿದವನು ತನ್ನನ್ನು ತಾನು ನೋಡಿಕೊಳ್ಳುತ್ತಾನೆ ಎಂಬುದು ಕಾನೂನಿನ ಲೆಕ್ಕ. ರಷ್ಯಾ, ಮ್ಯಾನ್ಮಾರ್, ಕಾಂಬೋಡಿಯಾ ಆ 18ರ ಪಟ್ಟಿಯಲ್ಲೇ ಇಲ್ಲ. ಥಾಯ್ಲೆಂಡ್ ಇದೆ, ಆದರೆ ಪ್ರವಾಸಿ ಎಂದು ಹೋಗುವವನನ್ನು ಅದು ತಡೆಯುವುದಿಲ್ಲ. ಹಾಗಾಗಿ ವಿಸಿಟ್ ವಿಸಾದಲ್ಲಿ ಹೋಗಿ ಕೆಲಸ ಹುಡುಕುವವನ ಹೆಸರು ಸರಕಾರದ ಯಾವ ಪುಸ್ತಕದಲ್ಲೂ ಕಾರ್ಮಿಕ ಎಂದು ಇರುವುದಿಲ್ಲ.

ವಿಮೆಯ ಮಾತು ಬಂದದ್ದಕ್ಕೆ ಹೇಳುತ್ತೇವೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ. ವಿಮಾನ ನಿಲ್ದಾಣದಲ್ಲಿ ಎರಡು ಚಹಾ ಕುಡಿದ ಖರ್ಚು. ಇಸಿಆರ್ ಪಾಸ್‌ಪೋರ್ಟ್ ಇಲ್ಲದವನೂ ಕೆಲಸದ ವಿಸಾ ಇದ್ದರೆ ಆ 18 ದೇಶಗಳಿಗೆ ಹೋಗುವಾಗ ಇದನ್ನು ಮಾಡಿಸಿಕೊಳ್ಳಬಹುದು. ಹಾಗೆಯೇ ನೋಂದಾಯಿತ ಏಜಂಟ್ ಅಭ್ಯರ್ಥಿಯಿಂದ ಸೇವಾಶುಲ್ಕವಾಗಿ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ, ಒಂದೂವರೆ ಲಕ್ಷ ಕೇಳುವವನು ಅಲ್ಲಿಗೇ ಕಾನೂನು ಮುರಿದ. ನೋಂದಾಯಿತ ಏಜಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರಿಗೂ ಸಿಗುತ್ತದೆ. ಆದರೆ ನಮ್ಮಲ್ಲಿ ಹಣ ಕೊಡುವುದು ಏಜಂಟನಿಗಲ್ಲ, ‘ನಮ್ಮವನೇ’ ಆದ ಯಾರೋ ಒಬ್ಬನಿಗೆ. ಅತ್ತಿಗೆಯ ತಮ್ಮ, ಪಕ್ಕದ ಊರಿನ ಹಾಜಿಯವರ ಅಳಿಯ. ರಶೀದಿ ಕೇಳಿದರೆ ಅವರಿಗೆ ಬೇಸರವಾಗುತ್ತದಂತೆ! ದುಡ್ಡು ಹೋದ ಮೇಲೆ ನಮಗಾಗುವ ಬೇಸರದ ಲೆಕ್ಕ ಯಾರಲ್ಲಿ?

ಇಷ್ಟೆಲ್ಲ ಗೊತ್ತಿದ್ದೂ ಹುಡುಗರು ಹೋಗುತ್ತಾರೆ ಎಂದರೆ ಅವರನ್ನು ಬೈದು ಪ್ರಯೋಜನವಿಲ್ಲ. ತಳ್ಳುವವರಲ್ಲಿ ನಾವೂ ಇದ್ದೇವೆ. ಸಂಬಂಧ ನೋಡುವಾಗ ‘ಹುಡುಗ ಎಲ್ಲಿದ್ದಾನೆ?’ ಎಂದು ಕೇಳುತ್ತೇವೆಯೇ ಹೊರತು ಏನು ಮಾಡುತ್ತಿದ್ದಾನೆ ಎಂದು ಕೇಳುವುದು ಆ ಮೇಲೆ. ಊರಲ್ಲಿ ತಿಂಗಳಿಗೆ ಇಪ್ಪತ್ತೈದು ಸಾವಿರ ದುಡಿಯುವ ಎಲೆಕ್ಟ್ರಿಶಿಯನ್‌ಗಿಂತ ಶಾರ್ಜಾದ ಬಂಕರ್ ಕಾಟಿನಲ್ಲಿ ಮಲಗಿ ಅಷ್ಟೇ ಉಳಿಸುವವನಿಗೆ ಹೆಣ್ಣು ಬೇಗ ಸಿಗುತ್ತದೆ. ತಂಗಿಯ ಮದುವೆ, ಬಂಗಾರ, ಹಾಲ್, ಸಾವಿರ ಮಂದಿಗೆ ಊಟ, ಇವಿಷ್ಟರ ಭಾರ ಇಪ್ಪತ್ತೆರಡರ ಹುಡುಗನ ತಲೆಯ ಮೇಲೆ. ಇನ್ನೊಂದು ಕಾರಣ ಯಾರೂ ಜೋರಾಗಿ ಹೇಳುವುದಿಲ್ಲ. ಕರಾವಳಿಯ ಈಗಿನ ಗಾಳಿಯಲ್ಲಿ, ಯಾವುದೋ ಗಲಾಟೆಯಲ್ಲಿ ಮಗನ ಹೆಸರು ಬರುವುದಕ್ಕಿಂತ ಎಲ್ಲಿಯಾದರೂ ಹೋಗಿ ದುಡಿದುಕೊಂಡಿರಲಿ ಎಂದುಕೊಳ್ಳುವ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಆ ಹೆದರಿಕೆಯನ್ನು ಕಡಿಮೆ ಮಾಡುವುದು ಆಡಳಿತದ ಜವಾಬ್ದಾರಿ. ಅದನ್ನು ಬಿಟ್ಟು ಯುವಕರಿಗೆ ಕೌಶಲ ತರಬೇತಿಯ ಭಾಷಣ ಮಾಡಿದರೆ ಕೇಳುವವರಿಲ್ಲ.

ಹೋಗಲೇಬೇಡಿ ಎಂದು ಬರೆಯಲು ನಾವು ತಯಾರಿಲ್ಲ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದಾಗ ಊರೇ ಖುಷಿಪಟ್ಟಿತ್ತು, ಅದು ನಾಳೆಯೂ ಹಾರುತ್ತದೆ. 2010ರ ಮೇ 22ರಂದು ಅದೇ ದಾರಿಯಲ್ಲಿ ಬಂದ ವಿಮಾನ ಕೆಂಜಾರಿನ ಕಣಿವೆಗೆ ಉರುಳಿ 158 ಮಂದಿಯನ್ನು ಕಳಕೊಂಡ ಮೇಲೂ ಜನ ಹತ್ತಿದರು, ಹತ್ತಲೇಬೇಕಿತ್ತು. ನಾವು ಕೇಳುವುದು ಇಷ್ಟೇ: ಹೋಗುವವನ ಕಾಗದವನ್ನು ಹೋಗುವ ಮೊದಲು ಯಾರಾದರೂ ಓದಿದ್ದಾರೆಯೇ? ನಿಕಾಹ್ ಪುಸ್ತಕ, ಚಂದಾ ಪುಸ್ತಕ, ದಫನ್ ಪುಸ್ತಕ ಜಮಾಅತ್‌ಗಳಲ್ಲಿ ಅಚ್ಚುಕಟ್ಟಾಗಿವೆ. ಮೊಹಲ್ಲಾದಿಂದ ಕಡಲು ದಾಟಿದವರ ಪುಸ್ತಕ ಎಷ್ಟು ಕಡೆ ಉಂಟು? ಹೆಸರು, ಪಾಸ್‌ಪೋರ್ಟ್ ನಂಬರು, ಯಾವ ವಿಸಾ, ಒಪ್ಪಂದದಲ್ಲಿರುವ ಮಾಲಕ ಯಾರು, ಏಜಂಟನ ನೋಂದಣಿ ಸಂಖ್ಯೆ, ವಿಮೆ ಎಲ್ಲಿಯವರೆಗೆ, ಕೊಟ್ಟ ಹಣ ಎಷ್ಟು. ಏನಾದರೂ ಆದಾಗ ವಿದೇಶಾಂಗ ಇಲಾಖೆಯ ‘ಮದದ್’ ಜಾಲತಾಣದಲ್ಲಿ ದೂರು ಹಾಕಲಿ, ರಾಯಭಾರ ಕಚೇರಿಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೇಳಲಿ, ಮೊದಲು ಕೇಳುವುದು ಈ ವಿವರಗಳನ್ನೇ. ಆಗ ಮನೆಯವರ ಬಳಿ ಇರುವುದು ವಾಟ್ಸ್ಯಾಪ್‌ನ ಒಂದು ಫೋಟೋ ಮಾತ್ರ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಹಾಲ್‌ನ ಬಾಡಿಗೆಯ ಚರ್ಚೆಗಿಂತ ಮೊದಲು ಈ ಪುಸ್ತಕದ ವಿಷಯ ಬರಲಿ.