ಸಮಾಧಿಯ ಬಳಿ ದೂತರೆಷ್ಟು ಮಂದಿ?

ಯೇಸುವಿನ ಸಮಾಧಿಯ ಬಳಿ ಕಾಣಿಸಿಕೊಂಡ ದೂತರೆಷ್ಟು ಮಂದಿ? ಮತ್ತಾಯನಲ್ಲಿ ಒಬ್ಬ, ಯೊವಾನ್ನನಲ್ಲಿ ಇಬ್ಬರು. ನಮ್ಮ ಯುವಜನರನ್ನು ತಬ್ಬಿಬ್ಬುಗೊಳಿಸಲೆಂದೇ ಕೆಲವರು ಈ ಲೆಕ್ಕವನ್ನು ಮುಂದಿಡುತ್ತಾರೆ. ಅವರಿಗೆ ಉತ್ತರ ಬೇಕಿಲ್ಲ, ಅದು ಇರಲಿ. ನನ್ನ ಆಕ್ಷೇಪ ನಮ್ಮವರೇ ಆದ ಸಮರ್ಥಕರ ಮೇಲೆ.

ಯೂದನು ನೇಣು ಹಾಕಿಕೊಂಡನೆಂದು ಮತ್ತಾಯನು ಬರೆಯುತ್ತಾನೆ. ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆಯಿತೆನ್ನುತ್ತದೆ ಪ್ರೇಷಿತರ ಕಾರ್ಯಕಲಾಪಗಳು. ‘ಹಗ್ಗ ಹರಿದು ಬಿದ್ದನು’ ಎಂದು ಇವರು ಎರಡನ್ನೂ ಹೊಲಿದುಬಿಡುತ್ತಾರೆ. ಆ ಹರಿದ ಹಗ್ಗ ಯಾವ ಅಧ್ಯಾಯದಲ್ಲಿದೆ? ದೇವರ ವಾಕ್ಯವನ್ನು ಕಾಯುವ ನೆಪದಲ್ಲಿ ಅದಕ್ಕೆ ನಮ್ಮ ಮಾತನ್ನು ಸೇರಿಸುವುದು ಎಂಥ ಭಕ್ತಿ? ಅದು ಕಟ್ಟುಕಥೆಯೆಂದು ತಿಳಿದ ದಿನ ನಿಮ್ಮ ಮಗ ನಮ್ಮ ಉಳಿದ ಬೋಧನೆಯನ್ನೂ ಶಂಕಿಸುತ್ತಾನೆ.

ಸುಮಾರು 170ರಲ್ಲಿ ತಾತಿಯಾನನು ನಾಲ್ಕು ಶುಭಸಂದೇಶಗಳನ್ನು ಒಂದೇ ಕಥನವಾಗಿ ಹೆಣೆದನು. ಸಿರಿಯಾದ ಕ್ರೈಸ್ತರು ಅದನ್ನು ಬಹುಕಾಲ ಓದಿದರು. 5ನೆಯ ಶತಮಾನದಲ್ಲಿ ಅಲ್ಲಿನ ಧರ್ಮಾಧ್ಯಕ್ಷ ಥಿಯೊಡೊರೆಟ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ ನಾಲ್ಕು ಶುಭಸಂದೇಶಗಳನ್ನೇ ಮರಳಿ ಇರಿಸಿದರು. ಧರ್ಮಸಭೆ ಈ ಭಿನ್ನತೆಗಳನ್ನು ಕಂಡೂ ಉಳಿಸಿಕೊಂಡಿತು. ನಮ್ಮ ಜೀವೋದ್ಧಾರಕ್ಕಾಗಿ ದೇವರು ಬಯಸಿದ ಸತ್ಯವನ್ನು ಪವಿತ್ರ ಗ್ರಂಥವು ತಪ್ಪಿಲ್ಲದೆ ಬೋಧಿಸುತ್ತದೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿತು. ಹಗ್ಗ ಹೊಸೆಯಲು ಯಾರನ್ನೂ ನೇಮಿಸಲಿಲ್ಲ.

ಮಕ್ಕಳು ಕೇಳಿದಾಗ ನಾಲ್ಕೂ ಪುಟಗಳನ್ನು ತೆರೆದು ತೋರಿಸಿ. ನಾಲ್ಕರಲ್ಲೂ ಮಗ್ದಲದ ಮರಿಯಳು ಅಲ್ಲಿದ್ದಾಳೆ, ನಾಲ್ಕರಲ್ಲೂ ಸಮಾಧಿ ಬರಿದಾಗಿದೆ.